ಎಡಗೈಯಲ್ಲಿ ಉಂಡ ಅತ್ತೆ

ಅತ್ತೆಯ ಬಲಗೈಯಲ್ಲಿ ಒಂದು ಬೆಳ್ಳಿಯ ಕಡಗವಿತ್ತು. ಮದುವೆಯಲ್ಲಿ ಹಾಕಿದ್ದು. ದುಡಿದು ದುಡಿದು ಬೆರಳ ಗಂಟುಗಳು ಊದಿ, ಅದು ಹೊರಗೆ ಬರದಂತಾಗಿತ್ತು. ಆ ಬೆಳಿಗ್ಗೆಯೂ ಅವರು ರೊಟ್ಟಿ ಬಡಿಯುವಾಗ ಕಡಗ ಸದ್ದು ಮಾಡುತ್ತಿತ್ತು. ನನ್ನ ಗಂಡ ಅಂಗಳದಿಂದ ಕೂಗಿದರು: "ಯವ್ವಾ, ಊರ ಮಂದಿಗೆಲ್ಲಾ ರೊಟ್ಟಿ ಬಡ್ಯಾಕತ್ತಿ ಏನ?"

"ನೀ ಒಬ್ಬಾಂವನ ಊರ ಮಂದಿಯಷ್ಟ ತಿಂತಿ!"

ಮಸಗುಪ್ಪಿಯ ನಮ್ಮ ಮನೆಯಲ್ಲಿ ಎಲ್ಲರೂ ಕೂಡಿ ನಕ್ಕದ್ದು ಅಂದೇ ಕೊನೆ.

ಸ್ವಲ್ಪ ಹೊತ್ತಿಗೆ ಮೇವು ಕತ್ತರಿಸುವ ಮಶೀನಿಗೆ ಗಂಡನ ಬಲಗೈ ಸಿಕ್ಕಿ ಮಣಿಕಟ್ಟಿನಲ್ಲಿ ತುಂಡಾಯಿತು. ನೆರೆಯವರು ಟವೆಲ್ ಬಿಗಿದು, ಜೀಪಿನಲ್ಲಿ ಘಟಪ್ರಭಾದ ಆಸ್ಪತ್ರೆಗೆ ಒಯ್ದರು. ನಾನೂ ಹತ್ತಿದೆ. ಕೈ ಅಲ್ಲೇ ಮೇವಿನಲ್ಲಿ ಉಳಿಯಿತು. ಅದರ ನೆನಪು ನಮಗ್ಯಾರಿಗೂ ಆಗಲಿಲ್ಲ.

ಅತ್ತೆಗೆ ಆಯಿತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತೇವೆ. ಅವರು ಮಗನ ಕೈಯನ್ನು ಬಿಸಿನೀರಲ್ಲಿ ತೊಳೆದು, ವಿಭೂತಿ ಹಚ್ಚಿ, ಬಿಳಿ ಬಟ್ಟೆ ಸುತ್ತಿ, ಮೇಲೆ ಬಿಲ್ವಪತ್ರಿ ಇಟ್ಟು ಹೊಲದ ಬದುವಿನಲ್ಲಿ ಹೂಳಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದಿದ್ದರು. "ಎಲುಬು ಚೂರಾಗಿಲ್ಲ, ಚಾಕುದಿಂದ ಕೊಯ್ದಂಗ ಐತಿ. ಕೈ ಎಲ್ಲೈತ್ರಿ? ಚೀಲದಾಗ ಹಾಕಿ, ಬರ್ಫದ ಮ್ಯಾಲ ಇಟ್ಟು ದೊಡ್ಡ ದವಾಖಾನಿಗೆ ಒಯ್ದ್ರ ಜೋಡಸ್ತಾರ."

ಅಷ್ಟರಲ್ಲಿ ಅತ್ತೆ ಬಂದರು. ಉಗುರುಗಳಲ್ಲಿ ಮಣ್ಣಿತ್ತು.

"ಮಣ್ಣಿಗಿ ಕೊಟ್ಟ ಬಂದೀನ್ರಿ ಸಾಹೇಬ್ರ. ಎಲ್ಲಾ ಪದ್ಧತಿ ಪ್ರಕಾರನ ಮಾಡೀನಿ."

ಡಾಕ್ಟರು ಫಿಲ್ಮನ್ನು ಮೆಲ್ಲಗೆ ಕೆಳಗಿಟ್ಟರು. ಮಂಜುಗಡ್ಡೆಯಲ್ಲಿಡಬೇಕಾದ್ದಕ್ಕೆ ಬಿಸಿನೀರು ತಾಗಿದೆ, ಮಣ್ಣು ಸೇರಿದೆ, ಹೊತ್ತೂ ಮೀರಿದೆ, ಇನ್ನು ಆಗದು ಎಂದರು.

ಅಂದಿನಿಂದ ಅತ್ತೆ ಎಡಗೈಯಲ್ಲಿ ಉಣ್ಣತೊಡಗಿದರು. ಬಂಧುಗಳ ಮದುವೆಗೆ ಹುಕ್ಕೇರಿಗೆ ಹೋದಾಗಲೂ ಪಂಕ್ತಿಯಲ್ಲಿ ಹಾಗೆಯೇ ಕೂತರು. ಮಗ ಪಕ್ಕದಿಂದ ಪಿಸುಗುಟ್ಟಿದರು: "ಯವ್ವಾ, ನನಗಂತೂ ದಾರಿ ಇಲ್ಲ. ನಿನಗೇನಾಗೇತಿ? ಮಂದಿ ನಗತಾರ."

"ನಗಲಿ ಬಿಡು. ಹಲ್ಲ ಇದ್ದಾವ್ರು ನಗತಾರ."

ಕೆಲವು ವರ್ಷ ಕಳೆದವು. ಪರದೇಶದಲ್ಲಿ ಸತ್ತವರ ಕೈಯನ್ನು ಬದುಕಿದ್ದವರಿಗೆ ಜೋಡಿಸಿದ ಸುದ್ದಿ ಪೇಪರಿನಲ್ಲಿ ಬಂತು. ನಾನೇ ಓದಿ ಹೇಳಿದೆ. ಮರುದಿನವೇ ಅತ್ತೆ ಮಗನ ಹಳೆಯ ಫಿಲ್ಮನ್ನು ಸುರುಳಿ ಸುತ್ತಿಕೊಂಡು, ನಮ್ಮಿಬ್ಬರನ್ನೂ ಹೊರಡಿಸಿ, ಅದೇ ಡಾಕ್ಟರ ಮುಂದೆ ಹೋಗಿ ಕೂತರು.

"ನನ್ನ ಕೈದೂ ಫೋಟೊ ತಗೀರಿ. ಇವಂದು ನಂದು ಅಳತಿ ಕೂಡತೈತೇನ ನೋಡ್ರಿ."

ಡಾಕ್ಟರು ಬಂದ ನಗುವನ್ನು ತಡೆದುಕೊಂಡರು. ಫಿಲ್ಮ್ ತೆಗೆಸಿ, ಎರಡನ್ನೂ ದೀಪದ ಮುಂದೆ ಅಕ್ಕಪಕ್ಕ ಸಿಕ್ಕಿಸಿದರು. ಅತ್ತೆಯ ಫಿಲ್ಮಿನಲ್ಲಿ ಕಡಗ ಬೆಳ್ಳಗೆ ಹೊಳೆಯುತ್ತಿತ್ತು.

"ಎಲುಬಿನ ಅಳತಿ ಒಂದ ನೋಡಿದ್ರ ಸಾಲಂಗಿಲ್ಲ ಅಜ್ಜಿ. ಕೈಯಾಗ ಔಷಧ ಚುಚ್ಚಿ ರಕ್ತನಾಳದ ಫೋಟೊನೂ ತಗೀಬೇಕು. ಅದೂ ಅಲ್ದ, ನಿಮ್ಮ ಗಂಟೆಲ್ಲಾ ಸವದಾವು."

"ಸವದಿದ್ದು ಯಾರ ಸಲುವಾಗಿ? ಇವನ ಸಲುವಾಗಿನ."

"ಬದುಕಿದಾವ್ರ ಕೈ ತಗೊಳ್ಳಾಕ ಬರಂಗಿಲ್ರಿ."

"ಸತ್ತ ಮ್ಯಾಲ ತಗೋರಿ. ನಾ ಏನ ಎದ್ದ ಬಂದ ಬ್ಯಾಡ ಅಂತೇನ?"

ನಮ್ಮ ಕಡೆ ಎಲ್ಲಿಯೂ ಇದನ್ನು ಮಾಡುವುದಿಲ್ಲ, ಮಾಡಿದರೂ ಸಾಯುವವರೆಗೆ ಔಷಧ ನುಂಗಬೇಕು ಎಂದು ಡಾಕ್ಟರು ಬಿಡಿಸಿ ಹೇಳಿದರು. ಅತ್ತೆ ಎರಡೂ ಫಿಲ್ಮುಗಳನ್ನು ಸುತ್ತಿಕೊಂಡು ಎದ್ದರು.

ಊರಿಗೆ ಮರಳುವ ಬಸ್ಸಿನಲ್ಲಿ ಅವರು ಮಗನ ಮೊಂಡುಗೈಯನ್ನು ತೊಡೆಯ ಮೇಲೆ ಎಳೆದುಕೊಂಡರು. "ತಮ್ಮಾ, ಬರ್ಫದಾಗ ಇಡೂದು ಗೊತ್ತಿದ್ರ ನಾ ಮಣ್ಣಿಗಿ ಕೊಡತಿದ್ನೇನೋ?"

ಮಗ ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತ ಕೂತರು. ಅವರಿಗೆ ಸಿಟ್ಟಿರಲಿಲ್ಲ. ಬಾಯಿ ತೆರೆದರೆ ಅಳು ಬರುತ್ತಿತ್ತು, ಅಷ್ಟೇ. ಅದು ನನಗೆ ಗೊತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ನಾನಾದರೂ ಅದನ್ನು ಹೇಳಬಹುದಿತ್ತು. ತಾಯಿ ಮಗನ ಮಾತು, ಅವರೇ ಆಡಿಕೊಳ್ಳಲಿ ಎಂದುಕೊಂಡೆ. ಅತ್ತೆ ಮತ್ತೆಂದೂ ಕೇಳಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ, ಒಂದು ಮಧ್ಯಾಹ್ನ ಮಲಗಿದ ಅತ್ತೆ ಏಳಲಿಲ್ಲ. ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡಿಸಿ ಹಣೆಗೂ ಕೈಗಳಿಗೂ ವಿಭೂತಿ ಹಚ್ಚಿದೆವು. ಆಗ ಮಗ ತಾಯಿಯ ಕಿವಿಯ ಹತ್ತಿರ ಬಾಗಿ, "ನಿಂದೇನೂ ತಪ್ಪಿಲ್ಲ ಬೇ ಯವ್ವಾ" ಎಂದರು. ಕೂಡಿದವರೆಲ್ಲ ಕೇಳಿಸಿಕೊಂಡರು.

ಅತ್ತೆಗೆ ಅದು ಕೇಳಿಸಲಿಲ್ಲ.