ಅಕ್ಕನಿಗೆ ಗುರುತು ಸಿಗದ ದನಿ

ಭಾಲ್ಕಿಯ ಮಾರುಕಟ್ಟೆಯಲ್ಲಿ ತೊಗರಿ, ಉದ್ದಿನ ರಾಶಿಗಳ ಮುಂದೆ ನಿಂತು ಹರಾಜು ಕೂಗುವುದು ನನ್ನ ಕೆಲಸವಾಗಿತ್ತು. ದನಿ ಒಡೆದು ಗೊಗ್ಗರಾದಾಗ, ಕೂಗಿ ಕೂಗಿ ಗಂಟಲು ಕೆಟ್ಟಿದೆ ಎಂದುಕೊಂಡು ಎರಡು ತಿಂಗಳು ಜ್ಯೇಷ್ಠಮಧು ಅಗಿದೆ.

ನಾಗರ ಪಂಚಮಿಗೆ ತವರಿಗೆ ಕರೆದೊಯ್ಯಲು ಬರುತ್ತೇನೆಂದು ಹೇಳಲು ಔರಾದಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

"ಯಾರ್ರಿ ಮಾತಾಡೋದು?" ಎಂದಳು.

"ನಾನೇ ಅಕ್ಕ, ನಿನ್ ತಮ್ಮ."

ನನ್ನ ಹೆಸರನ್ನು ಎರಡೆರಡು ಸಲ ಹೇಳಿಸಿ ಖಾತ್ರಿ ಮಾಡಿಕೊಂಡಳು. ಆಮೇಲೆ, "ಮೊದಲ ಬೀದರ್‌ಕ ಹೋಗಿ ಡಾಕ್ಟರ್‌ಗ ತೋರಸು. ಅಲ್ಲಿತನಾ ನಾ ಪಂಚಮಿಗಿ ಬರಂಗಿಲ್ಲ ನೋಡು," ಎಂದು ಫೋನ್ ಇಟ್ಟಳು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಏನೂ ಆಗಿಲ್ಲವೆಂದು ಡಾಕ್ಟರ ಕೈಯಲ್ಲೇ ಬರೆಸಿ ತಂದು ಅವಳ ಮುಖಕ್ಕೆ ಹಿಡಿಯಬೇಕೆಂದು ಮರುದಿನವೇ ಬೀದರ್ ಬಸ್ ಹತ್ತಿದೆ.

"ಗಂಟಲಿಗಿ ಏನೂ ಆಗಿಲ್ರಿ. ಆದ್ರ ಒಂದು ಧ್ವನಿತಂತು ಅಲುಗಾಡ್ತಿಲ್ಲ. ಎದೀ ಸ್ಕ್ಯಾನ್ ಮಾಡಸ್ರಿ," ಎಂದರು ಗಂಟಲಿನ ಡಾಕ್ಟರು. ಸ್ಕ್ಯಾನ್ ನೋಡಿದರೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎದೆಯೊಳಗೆ ಉಬ್ಬಿ, ದನಿಯ ನರವನ್ನು ಒತ್ತುತ್ತಿತ್ತು. ಅದು ಒಡೆದರೆ ಆಸ್ಪತ್ರೆ ಮುಟ್ಟುವಷ್ಟು ಸಮಯವೂ ಸಿಗುವುದು ಕಷ್ಟ ಎಂದರು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಆಪರೇಷನ್‌ಗೆ ಹೈದರಾಬಾದಿಗೆ ಕಳಿಸಿದರು. ಅಲ್ಲಿ ಎದೆ ಸೀಳಲಿಲ್ಲ. ತೊಡೆಯ ಸಂದಿನ ನಾಳದಿಂದ, ಬಟ್ಟೆ ಹೊದಿಸಿದ ಸ್ಟೆಂಟ್ ಕೊಳವೆಯನ್ನು ಮಡಚಿ ಮೇಲಕ್ಕೆ ಸಾಗಿಸಿ, ಉಬ್ಬಿದ ಜಾಗದಲ್ಲಿ ಬಿಡಿಸಿ ಕೂಡಿಸಿದರು. ಈಗ ರಕ್ತ ಆ ಕೊಳವೆಯೊಳಗೇ ಹರಿಯುತ್ತದೆ. ಕೆಲವೇ ದಿನಗಳಲ್ಲಿ ಮನೆಗೆ ಬಂದೆ. ಮಾತಾಡಿಸಲು ಬಂದವರಿಗೆಲ್ಲ ಹೊಲಿಗೆ ನೋಡುವ ಆಸೆ. ಅಂಗಿ ಬಿಚ್ಚಿದರೆ ಎದೆಯ ಮೇಲೆ ಒಂದು ಗೆರೆಯೂ ಇಲ್ಲ.

"ಖರೇನೇ ಆಪರೇಷನ್ ಆಗ್ಯಾದೇನ್ರಿ?" ಎಂದು ಪಕ್ಕದ ಅಂಗಡಿಯ ಚಾಚಾ ಅನುಮಾನಪಟ್ಟರು. ಗಾಯ ಆದ ಜಾಗ ನಾಲ್ಕು ಮಂದಿಗೆ ತೋರಿಸುವಂಥದ್ದಲ್ಲ, ಏನು ಮಾಡಲಿ!

ಗಂಟಲು ನೋಡಿ ಎದೆಯ ಸುಳಿವು ಹಿಡಿದ ಆ ಡಾಕ್ಟರನ್ನು ನೆನೆದರೆ ಇಂದಿಗೂ ಕೈ ತಾನಾಗಿ ಮುಗಿಯುತ್ತದೆ. ದನಿ ಮಾತ್ರ ಪೂರ್ತಿ ಮರಳಲಿಲ್ಲ. ಹರಾಜನ್ನು ಬೇರೆಯವರು ಕೂಗುತ್ತಾರೆ, ನಾನು ಕಾಳಿನ ಗುಣ ನೋಡುತ್ತೇನೆ.

ಆ ವರ್ಷದ ಪಂಚಮಿ ಆಸ್ಪತ್ರೆಯಲ್ಲೇ ಕಳೆಯಿತು. ಈ ವರ್ಷ ಔರಾದಿಗೆ ಹೋದಾಗ ಅಕ್ಕ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಇಷ್ಟು ದಿನ ಬಾಯಿಗೆ ಬಾರದ ಮಾತನ್ನು ಅಂದು ಹೇಳಿಯೇಬಿಟ್ಟೆ: "ಅಕ್ಕ, ನೀ ಅವತ್ತ ಯಾರು ಅಂತ ಕೇಳಿದ್ದಕ್ಕ ನಾ ಉಳಿದೆ. ದನಿ ಒಂದು ಬರ್ಲಿಲ್ಲ ನೋಡು."

ಅವಳು ಚೀಲವನ್ನು ನನ್ನ ಕೈಗೆ ಕೊಟ್ಟಳು.

"ದನಿ ಹೋದ್ರ ಹೋಗ್ಲಿ. ಕರಿಲಾಕ ನೀ ಬಂದೀಯಲ್ಲ ತಮ್ಮಾ."