ಬಾಡೂಟದ ಜವರಣ್ಣ

ಮನೆಯೊಳಗೆ ಕಾಲಿಟ್ಟ ಜವರಣ್ಣ ಮೊದಲು ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ಲಗ್ನದ ದಿನಗಳನ್ನು ನೋಡುತ್ತಿದ್ದ. ಆಮೇಲೆ ನನ್ನನ್ನು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಸುತ್ತ ಬೀಗರೂಟ ಮಾಡುವ ಅಡುಗೆಯವನು ಅವನು. ನಾನು ಹುಣಸೂರಿನ ಶಾಲೆಯೊಂದರಲ್ಲಿ ಮೇಡಂ, ವಯಸ್ಸು ಮೀರುತ್ತಿದ್ದರೂ ಮದುವೆಯಾಗದ ಮಗಳು. ಅಂಥ ಮನೆ ಅವನ ಕಣ್ಣಿಗೆ ಬಿದ್ದರೆ ಮುಗಿಯಿತು. "ಯಾವ್ದಾರ ಕುದುರ್ತಾ ಅಕ್ಕ?" ಎಂದು ಅಮ್ಮನನ್ನು ಕೇಳುವನು. "ಇಲ್ಲ ಕಣಪ್ಪ" ಎಂದರೆ ಬೇಸರವೇ ಇಲ್ಲ. "ಇರ್ಲಿ ಬುಡಿ, ಆಷಾಢ ಕಳೀಲಿ, ಬತ್ತೀನಿ." ಆಷಾಢ ಕಳೆದ ಮಾರನೆಯ ದಿನವೇ ಹಾಜರು.

ನನಗೋ ಮೈಯೆಲ್ಲ ಉರಿ. ಒಮ್ಮೆ ಕೆ.ಆರ್. ನಗರದಲ್ಲಿ ಚಿಕ್ಕಪ್ಪನ ಮಗಳ ಬೀಗರೂಟ. ಜವರಣ್ಣ ತಾನೇ ಬಡಿಸುತ್ತಾ ಬಂದು ನನ್ನ ಎಲೆಗೆ ನಲ್ಲಿಮೂಳೆ ಹಾಕಿ, ಸಾಲಿಗೆಲ್ಲ ಕೇಳುವಂತೆ, "ರುಚಿ ನೆಪ್ಪಿಟ್ಕಳಿ ಮೇಡಮ್ಮೋರೆ, ಮುಂದ್ಲೂಟ ನಿಮ್ದೇಯ" ಅಂದ. ಅತ್ತೆಯರೆಲ್ಲ ಕಿಸಕ್ಕೆಂದರು. ಸಿಟ್ಟಿಗೆ ಎಲೆ ಬಿಟ್ಟು ಏಳಬೇಕೆನಿಸಿತು. ಮೂಳೆ ಬಹಳ ಚೆನ್ನಾಗಿತ್ತು, ಕೂತೇ ಇದ್ದೆ.

ಕೊನೆಗೆ ಗಂಡನ್ನೂ ಅವನೇ ಹುಡುಕಿದ. ಎಚ್.ಡಿ. ಕೋಟೆಯ ಹುಡುಗ. ಆ ಮನೆಯ ಊಟಕ್ಕೂ ಇವನು ಬಹಳ ಕಾಲದಿಂದ ಬೆನ್ನುಬಿದ್ದಿದ್ದನಂತೆ. "ಇದೊಂದು ಕುದುರ್ಬುಟ್ರೆ ಎರಡೂ ಕಡೆ ಅಡುಗೆ ನಂದೇಯ" ಎನ್ನುತ್ತಾ ಫೋಟೋ ಮುಂದಿಟ್ಟ. ಮುಚ್ಚುಮರೆ ಎಂಬುದೇ ಇಲ್ಲ. ನನಗೆ ನಗು ಬಂತು. ನಗುತ್ತಲೇ, ಅಮ್ಮನಿಗೂ ಹೇಳಲಾಗದೆ ಇದ್ದುದನ್ನು ಅವನಿಗೆ ಹೇಳಿಬಿಟ್ಟೆ. "ಜವರಣ್ಣ, ನಾನು ಮದುವೆ ಆಗೋದಿಲ್ಲ. ಯಾವತ್ತೂ. ನನಗೆ ಇಷ್ಟ ಇಲ್ಲ."

ಅವನು ಕಾಫಿ ಮುಗಿಸಿದ. ಫೋಟೋ ಜೇಬಿಗಿಟ್ಟ. "ಅಂಗಾರೆ ಮನೆ ಕಟ್ಸಿ" ಅಂದ.

ಅಮ್ಮ ತಿಂಗಳುಗಟ್ಟಲೆ ಅತ್ತಳು. ನೆಂಟರು ಸಾಲುಗಟ್ಟಿ ಬಂದು ಬುದ್ಧಿ ಹೇಳಿದರು. ಯಾಕೆ ಎಂದು ಕೇಳದೆ ಒಪ್ಪಿಕೊಂಡವನು ಜವರಣ್ಣ ಒಬ್ಬನೇ, ಅವನಿಗೆ ಬೇಕಿದ್ದುದು ಊಟ ತಾನೇ. ನಾನು ಸೈಟು ತೆಗೆದುಕೊಂಡಾಗ ಬಂದ, ಪಾಯ ತೋಡಿದಾಗ ಬಂದ. ಮೋಲ್ಡ್ ಹಾಕಿದ ಮೇಲಂತೂ ತಾನೇ ಪೈಪ್ ಹಿಡಿದು ನೀರು ಬಿಟ್ಟ.

ಗೃಹಪ್ರವೇಶ ಹತ್ತಿರ ಬಂತು. "ಸುಮ್ಮನೆ ಹಾಲು ಉಕ್ಕಿಸಿಬಿಡೋಣ" ಅಂದಳು ಅಮ್ಮ. "ಗಂಡ ಹೆಂಡತಿ ಕೂರೋ ಪೂಜೆ. ಇವಳೊಬ್ಬಳನ್ನ ನೋಡಿ ಜನ ಏನಂತಾರೆ?" ನಾನೂ ಹೂಂ ಅಂದೆ. ಒಳಗೆ ತುಂಬ ನೋವಾಯಿತು. ನಾಲ್ಕು ಜನ ಬಂದು, ಉಂಡು, ನನ್ನನ್ನು ಹರಸುವ ದಿನವೆಂದು ನಾನು ಕಾದಿದ್ದುದು ಅದೊಂದನ್ನೇ.

ಸುದ್ದಿ ತಿಳಿದ ಜವರಣ್ಣ ಬಂದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಕ್ಕ, ನಿಮ್ಮಗ್ಳು ಕದ್ದು ಕಟ್ಟವ್ರಾ ಮನೆಯ, ಸದ್ದಿಲ್ದಂಗೆ ಹಾಲು ಉಕ್ಸಕೆ?"

"ಹಂಗಲ್ಲ ಕಣಪ್ಪ..."

"ಪೂಜೆಗೆ ನಿಮ್ಮಗ, ಸೊಸೆ ಕೂತ್ಕಳ್ಳಿ. ಮಾರ್ನೆ ದಿನ ಬಾಡೂಟ, ಮೇಡಮ್ಮೋರ ಎಸ್ರಲ್ಲೇ. ನೀವು ಹೂಂ ಅನ್ನೋಗಂಟ ನಾ ಏಳಾಕಿಲ್ಲ."

ಅಮ್ಮ ಬೈದಳು, ಬಾಗಿಲು ಹಾಕಿಕೊಂಡಳು, ಸಂಜೆ ತೆಗೆದು ನೋಡಿದರೆ ಆಸಾಮಿ ಅಲ್ಲೇ ಇದ್ದ. "ಎದ್ದೇಳು ಮಾರಾಯ, ಆಯ್ತು" ಅಂದಳು.

ಊಟದ ದಿನ ಅಮ್ಮ ಪಂಕ್ತಿಯ ಉದ್ದಕ್ಕೂ ಓಡಾಡುತ್ತಾ, "ನನ್ನ ಮಗಳ ಮನೆ, ಸಂಕೋಚ ಬೇಡಿ, ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ" ಅನ್ನುತ್ತಿದ್ದಳು. ನಾನು ಒಳಗೆ ಹೋಗಿ ಅತ್ತು ಬಂದೆ.

ಪಾತ್ರೆಗಳನ್ನೆಲ್ಲ ಗೂಡ್ಸ್ ಆಟೋಗೆ ಹೇರಿದ ಜವರಣ್ಣ ತಿರುಗಿ ಬಂದು ಕೇಳಿದ: "ಮೇಡಮ್ಮೋರೆ, ರಿಟೇರು ಯಾವಾಗ?"

"ಅದಕ್ಕಿನ್ನೂ ಬಹಳ ವರ್ಷ ಇದೆ ಜವರಣ್ಣ."

"ಇರ್ಲಿ ಬುಡಿ, ಬತ್ತಾ ಇರ್ತೀನಿ."

ಬರುತ್ತಲೂ ಇದ್ದ, ಹೋದ ವರ್ಷ ತೀರಿಕೊಳ್ಳುವವರೆಗೆ.

ಈಗ ನಾನು ನಿವೃತ್ತಳಾದೆ. ಬೀಳ್ಕೊಡುಗೆಗೆ ಊಟಗೀಟ ಬೇಡ, ಕಾಫಿ ಸಾಕು ಅಂದೆ. ಬೇಡ ಅಂದದ್ದನ್ನು ಎಲ್ಲರೂ ತಕ್ಷಣ ಒಪ್ಪಿಕೊಂಡುಬಿಟ್ಟರು.