ಎರಡಂತಸ್ತಿನ ಮಂಚ ಮಾಡಿದ ಆಚಾರ್ರು

ಜಗಳೂರಿನ ಬಸ್ ನಿಲ್ದಾಣದ ಹಿಂದೆ ಅಂಗಡಿಯಿಟ್ಟಿದ್ದ ಬಡಗಿಯನ್ನು ಎಲ್ಲರೂ ಆಚಾರ್ರು ಎಂದೇ ಕರೆಯುತ್ತಿದ್ದರು. ಏನು ಮಾಡಿಸಲು ಹೋದರೂ ಅವರದು ಒಂದೇ ಮಾತು: "ಬಳಸೋರು ಯಾರು? ಅವರನ್ನ ಕರ್ಕಂಬರ್ರಿ."

ನನ್ನ ಇಬ್ಬರು ಹೆಣ್ಣುಮಕ್ಕಳ ಕೋಣೆ ಚಿಕ್ಕದು. ಎರಡಂತಸ್ತಿನ ಮಂಚ ಮಾಡಿಸೋಣವೆಂದು ಮೊಬೈಲಿನಲ್ಲಿ ಡಿಸೈನುಗಳನ್ನು ಆರಿಸಿಕೊಂಡು, ಮಕ್ಕಳನ್ನೂ ಕರೆದುಕೊಂಡು ಹೋದೆ. ಆಚಾರ್ರು ಮೊಬೈಲು ನೋಡಲೇ ಇಲ್ಲ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಹಿರಿಯವಳತ್ತ ತೋರಿಸಿದರು.

"ನಿನಗೆ ಯಾವುದು ಬೇಕವ್ವಾ?"

"ಮ್ಯಾಲಿಂದು."

"ಅವಳ ಎಡಗಾಲಿಗೆ ಬಲ ಕಡಿಮೆ ರೀ. ಏಣಿ ಹತ್ತಾಕೆ ಆಗಲ್ಲ. ಬಿದ್ರೆ ಏನು ಗತಿ?" ಎಂದೆ. ಮಗಳು ತಲೆ ತಗ್ಗಿಸಿದಳು.

"ಬೀಳದಂಗೆ ಮಾಡೋದೇ ನನ್ನ ಕೆಲ್ಸ. ಏಣಿ ಬ್ಯಾಡ, ಮೆಟ್ಲು ಮಾಡಣ," ಎಂದರು ಆಚಾರ್ರು.

ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಅವಳ ಕಾಲು ಸಲೀಸಾಗಿ ಏರುವ ಎತ್ತರಕ್ಕೆ ಗುರುತು ಹಾಕಿಕೊಂಡರು. ಹಿಡಿಕೆ ಯಾವ ಕಡೆ ಇರಬೇಕೆಂದು ಅವಳನ್ನೇ ಕೇಳಿದರು.

ಹದಿನೈದು ದಿನಕ್ಕೆ ಮಂಚ ಮನೆಗೆ ಬಂತು. ಅಗಲವಾದ ಮೆಟ್ಟಿಲು, ಬಲಗಡೆ ಹಿಡಿಕೆ, ಮೇಲೆ ಸುತ್ತಲೂ ಎತ್ತರದ ಕಟಕಟೆ. ಮಗಳು ಮೊದಲ ಮೆಟ್ಟಿಲಿಗೆ ಕಾಲಿಡುತ್ತಲೇ ನನ್ನ ಕೈಗಳು ತಾವಾಗಿಯೇ ಮುಂದೆ ಚಾಚಿದವು. ಆಚಾರ್ರು ತಮ್ಮ ಸಾಮಾನಿನ ಚೀಲವನ್ನು ಆ ಕೈಗಳಿಗೆ ಕೊಟ್ಟರು.

"ಇದನ್ನ ಒಂಚೂರು ಹಿಡ್ಕಳ್ರಿ."

ಉಳಿ, ಸುತ್ತಿಗೆ ತುಂಬಿದ ಚೀಲ ಭಾರವಾಗಿತ್ತು. ನಾನದನ್ನು ಎದೆಗೆ ಆನಿಸಿಕೊಳ್ಳುವಷ್ಟರಲ್ಲಿ ಮಗಳು ಮೇಲೆ ಹೋಗಿ ಕುಳಿತಿದ್ದಳು.

"ಅಮ್ಮಾ, ಇಲ್ಲಿಂದ ನೀನು ಎಷ್ಟು ಗಿಡ್ಡ ಕಾಣ್ತೀಯ!"